ಗಾಡಿಯ ನೆನಪು ತೆಗೆದಾಕೆ

ಅವರ ಎಡಗೈಯ ಮಣಿಕಟ್ಟಿಗೆ ನೀಲಿ ಬಣ್ಣದ ಒಂದು ಪಟ್ಟಿ ಇತ್ತು. ಆ ಪಟ್ಟಿಯಿಂದ ಹಳೆಯ ಟೆಲಿಫೋನಿನ ವೈರಿನಂಥ ಸುರುಳಿ ವೈರೊಂದು ಇಳಿದು ಮೇಜಿನ ಅಂಚಿಗೆ ಕಚ್ಚಿಕೊಂಡಿತ್ತು. ಕರುವನ್ನು ಗೂಟಕ್ಕೆ ಕಟ್ಟುತ್ತೇವಲ್ಲ, ಹಾಗೆ ಆ ಹೆಣ್ಣುಮಗಳು ತನ್ನನ್ನು ತಾನೇ ಮೇಜಿಗೆ ಕಟ್ಟಿಕೊಂಡು ಕೂತಿದ್ದರು. ಬಳೆಗಳನ್ನು ಬಿಚ್ಚಿ ಸ್ಟೀಲ್ ಡಬ್ಬಿಯೊಂದರಲ್ಲಿ ಹಾಕಿ ಕಿಟಕಿಯಲ್ಲಿ ಇಟ್ಟಿದ್ದರು. ಕೆಲಸ ಮುಗಿಸಿ ಪಟ್ಟಿ ಬಿಚ್ಚಿದಾಗ ಅದರ ಕೆಳಗಿನ ಚರ್ಮ ಸುತ್ತಲೂ ಬೆಳ್ಳಗಿತ್ತು, ಬಹಳ ವರ್ಷ ಗಡಿಯಾರ ಕಟ್ಟಿದವರ ಕೈಯಂತೆ.

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಕೇಳಿಯೇಬಿಟ್ಟೆ.

“ಯಾಕ್ರಿ ಮೇಡಂ, ನೀವು ಓಡಿ ಹೋಗ್ತೀರಂತ ಸರ್ಕಾರದವ್ರು ಕಟ್ಟಿ ಹಾಕ್ಯಾರೇನ್ರಿ?”

ಅವರು ತಲೆ ಎತ್ತಲಿಲ್ಲ, ಆದರೆ ನಕ್ಕದ್ದು ಹೆಗಲಿನಲ್ಲಿ ಗೊತ್ತಾಯಿತು. “ನಾ ಓಡಂಗಿಲ್ರಿ ಯಜಮಾನ್ರ. ಮೈಯಾಗ ಸಣ್ಣ ಕರೆಂಟ್ ಇರ್ತದಲ್ರಿ, ಅದು ಓಡ್ತದ. ಥಂಡಿ ದಿನದಾಗ ಕಂಬಳಿ ಜಗ್ಗಿದ್ರ ಚಟಚಟ ಅಂತದ ನೋಡ್ರಿ, ಅದು. ಅದು ನನ್ನ ಬೆರಳಿಂದ ಜಿಗಿದು ಈ ಮೆಮೊರಿ ಚಿಪ್ಪಿನ ಮ್ಯಾಲ ಬಿತ್ತಂದ್ರ ನಿಮ್ಮ ಗಾಡಿಗೆ ಏನೂ ನೆನಪಿರಂಗಿಲ್ಲ. ಅದಕ್ಕ ವೈರ್‌ನಾಗ ನೆಲಕ್ಕ ಇಳಿಸಿಬಿಡ್ತೀನಿ.”

ಗಾಡಿಗೆ ನೆನಪು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ಎತ್ತಿಗೆ ನೆನಪಿರುವುದನ್ನು ಕಂಡವನು. ಮನೆಯ ದಾರಿ ಬಿಟ್ಟು ಎತ್ತು ಎಲ್ಲಿಗೂ ಹೋಗುವುದಿಲ್ಲ. ಆದರೆ ಗಾಡಿಗೆ ನೆನಪಿರುತ್ತದೆ, ಅದನ್ನು ಒಬ್ಬ ಹೆಣ್ಣುಮಗಳು ಕೈಗೆ ವೈರು ಕಟ್ಟಿಕೊಂಡು ಹೊರತೆಗೆಯುತ್ತಾಳೆ ಎಂದರೆ, ಅವರನ್ನು ನೋಡುತ್ತ ಎಷ್ಟು ಹೊತ್ತು ಬೇಕಾದರೂ ಕೂರಬಹುದು ಅನ್ನಿಸಿತು. ಅವತ್ತು ನಾನು ಕೂತದ್ದು ಮಾತ್ರ ಹೆದರಿಕೆಯಿಂದ. ನನ್ನ ಮೊಮ್ಮಗಳ ಬದುಕು ಆ ಚಿಪ್ಪಿನಲ್ಲಿ ಸಿಕ್ಕಿಕೊಂಡಿತ್ತು.

ಅವರಿಗೆ ಒಳ್ಳೆಯ ಹೆಸರಿದೆ. ಹೆಸರು ಹಾಕಿಸಿಕೊಳ್ಳುವ ಸ್ವಭಾವ ಅವರದಲ್ಲ, ಹಾಗಾಗಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಲ್ಯಾಬಿನ ಮೇಡಂ.

ನಾನು ವನದುರ್ಗದವನು. ಕಾಲುವೆ ತೋಡುವ ಕಾಲಕ್ಕೆ ಬುಟ್ಟಿಯಲ್ಲಿ ಮಣ್ಣು ಹೊತ್ತೆ. ನೀರು ಬಂದ ಮೇಲೆ ಅದೇ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ ಸಿಕ್ಕಿತು, ಕೈಕಾಲು ಗಟ್ಟಿ ಇರುವವರೆಗೂ ಅದನ್ನೇ ಮಾಡಿದೆ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಸಹಿ ಬರುವ ಮೊದಲು ಬಹಳ ದಿನ ಹೆಬ್ಬೆಟ್ಟು ಒತ್ತಿದ್ದೇನೆ. ಈ ಬರಹದಲ್ಲಿ ಕಾಗುಣಿತ ಸರಿ ಇದ್ದರೆ ಅದು ನನ್ನ ಮೊಮ್ಮಗಳು ತಿದ್ದಿದ್ದು. ತಿದ್ದುವಾಗ ತನ್ನ ಸುದ್ದಿ ಬಂದಲ್ಲೆಲ್ಲ “ಇಷ್ಟ್ಯಾಕ ಹೊಗಳ್ತೀ ಮುತ್ಯಾ” ಎಂದು ಹೊಡೆದು ಹಾಕಲು ನೋಡಿದಳು. ನಾನು ಬಿಡಲಿಲ್ಲ.

ಅವಳ ಅಪ್ಪ, ಅಂದರೆ ನನ್ನ ಮಗ, ಬಾಡಿಗೆ ಕಾರು ಓಡಿಸುತ್ತಿದ್ದ. ಗಾಡಿ ನನ್ನ ಹೆಸರಿನಲ್ಲಿತ್ತು. ಮಗನ ಹೆಗಲಿಗೆ ನೋವು ಬಂದು ಕೈ ಎತ್ತಲಾಗದೆ ಹೋದಾಗ ಮೊಮ್ಮಗಳು ಸ್ಟೇರಿಂಗ್ ಹಿಡಿದಳು. ಮೊದಮೊದಲು ಊರವರು ನಕ್ಕರು. ಆಮೇಲೆ ಊರ ಹೆಣ್ಣುಮಕ್ಕಳು ಹೆರಿಗೆಗೆ, ಪರೀಕ್ಷೆಗೆ, ಯಾದಗಿರಿಯ ರೈಲು ಹಿಡಿಯಲು ಅವಳ ಗಾಡಿಯನ್ನೇ ಹೇಳತೊಡಗಿದರು. ಗಾಡಿಯ ಮುಂದಿನ ಗಾಜಿಗೆ ಒಳಗಿನಿಂದ ಒಂದು ಸಣ್ಣ ಕ್ಯಾಮೆರಾ ಅಂಟಿಸಿದ್ದಳು. ಸ್ಟೇರಿಂಗ್ ಪಕ್ಕದಲ್ಲಿ ದಾರಿ ತೋರಿಸುವ ಯಂತ್ರ ಇತ್ತು. ವನದುರ್ಗದಿಂದ ಶಹಾಪುರಕ್ಕೆ ಹೋಗಲು ಯಂತ್ರವನ್ನು ಯಾಕೆ ಕೇಳಬೇಕು ಎಂದು ನಾನು ಬಹಳ ಸಲ ಅಣಕಿಸಿದ್ದೆ.

ಪ್ರತಿ ಅಮಾವಾಸ್ಯೆಗೆ ನಮ್ಮ ಮನೆಯಾಕೆ ಗಾಡಿಗೆ ಪೂಜೆ ಮಾಡುತ್ತಾಳೆ. ಗಾಲಿಗೆ, ಬಾನೆಟ್ಟಿಗೆ, ಮುಂದಿನ ಮೂತಿಗೆ, ಸ್ಟೇರಿಂಗಿಗೆ ವಿಭೂತಿಯ ಮೂರು ಗೆರೆ, ಮೇಲೊಂದು ಕುಂಕುಮದ ಬೊಟ್ಟು. ಆ ಅಮಾವಾಸ್ಯೆಯಂದು ಬೆಳಿಗ್ಗೆಯೂ ಎಲ್ಲಕ್ಕೂ ಹಚ್ಚಿದಳು. ಎಲ್ಲಕ್ಕೂ ಎಂದರೆ ಎಲ್ಲಕ್ಕೂ. ಅದು ನಮಗೆ ಆಮೇಲೆ ಗೊತ್ತಾಯಿತು.

ಅವತ್ತು ಮಧ್ಯಾಹ್ನ ಮೊಮ್ಮಗಳು ಶಹಾಪುರದಲ್ಲಿ ಗಿರಾಕಿಯನ್ನು ಬಿಟ್ಟು ಕಾಲುವೆ ಪಕ್ಕದ ರಸ್ತೆಯಲ್ಲಿ ಒಬ್ಬಳೇ ವಾಪಸು ಬರುತ್ತಿದ್ದಳು. ರಸ್ತೆಯಲ್ಲಿ ಒಂದು ಸೈಕಲ್ ಮೋಟಾರು ಅಡ್ಡ ಬಿದ್ದಿತ್ತು, ಅದರ ಆಚೆ ಒಬ್ಬರು ತಲೆಗೆ ಪೆಟ್ಟಾಗಿ ಬಿದ್ದಿದ್ದರು. ಕೆಂಭಾವಿಯ ದರ್ಜಿ ಅವರು, ಹೊಲಿದ ಬಟ್ಟೆ ಮುಟ್ಟಿಸಲು ಹೊರಟವರು. ಇವಳು ಗಾಡಿ ನಿಲ್ಲಿಸಿ ಇಳಿದಳು. ಅಷ್ಟರಲ್ಲಿ ಒಬ್ಬ ಟ್ರ್ಯಾಕ್ಟರಿನಲ್ಲಿ ಬಂದ. ಇಬ್ಬರೂ ಸೇರಿ ದರ್ಜಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಇವಳು ಗಾಡಿ ತಿರುಗಿಸಿಕೊಂಡು ಶಹಾಪುರದ ಆಸ್ಪತ್ರೆಗೆ ಓಡಿಸಿದಳು.

ಆ ಟ್ರ್ಯಾಕ್ಟರಿನವನಿಗೆ ಕಂಡದ್ದು ಇಷ್ಟು: ಗಾಡಿ ನಿಂತಿದೆ, ಗಾಡಿಯ ಮುಂದೆ ಮನುಷ್ಯ ಬಿದ್ದಿದ್ದಾನೆ, ಗಾಡಿಯ ಮೂತಿ ತಗ್ಗು ಬಿದ್ದಿದೆ, ತಗ್ಗಿನಲ್ಲಿ ಕೆಂಪು ಇದೆ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಕಂಡದ್ದನ್ನು ಪೊಲೀಸರಿಗೆ ಹೇಳಿದ. ದರ್ಜಿಯವರು ಬದುಕಿಕೊಂಡರು, ಆದರೆ ಆ ದಿನದ ಒಂದು ಕ್ಷಣವೂ ಅವರ ನೆನಪಿನಲ್ಲಿ ಉಳಿಯಲಿಲ್ಲ. ಅವರ ಮಗ ಮೊಮ್ಮಗಳ ಮೇಲೆ ದೂರು ಕೊಟ್ಟ. ಗಾಡಿ ಠಾಣೆಗೆ ಹೋಯಿತು. ಚಹಾದ ಅಂಗಡಿಯಲ್ಲಿ ಕೂತವರ ಮಾತು ನನ್ನ ಕಿವಿಗೇ ಬಿತ್ತು: “ಹೊಡದಿಲ್ಲಂದ್ರ ಎತ್ಕೊಂಡು ಯಾಕ ಹೋಗ್ತಾಳ? ಯಾರಿಗೆ ಬೇಕಾಗ್ಯಾದ?”

ಆ ತಗ್ಗಿನ ವಿಷಯ ನನಗೆ ಗೊತ್ತಿತ್ತು. ಅದು ಹಳೆಯದು. ಸುರಪುರದ ಸಂತೆಯಲ್ಲಿ ನಿಂತ ಗಾಡಿಗೆ ಯಾರೋ ಗುದ್ದಿ ಹೋಗಿದ್ದಾರೆ ಎಂದು ಅವಳೇ ನನಗೆ ಹೇಳಿದ್ದಳು. ಠಾಣೆಯ ಸಾಹೇಬರು ಅದಕ್ಕೆ ಸಾಕ್ಷಿ ಕೇಳಿದರು. ಸಾಕ್ಷಿ ಎಲ್ಲಿಂದ ತರಬೇಕು?

ಕೇಸಾಗಿದ್ದು ನನಗೆ ಅಷ್ಟು ನೋಯಲಿಲ್ಲ. ಒಂದು ಸಂಜೆ ಅವಳು ಗಾಡಿಯ ಇನ್ನೊಂದು ಕೀಲಿಯನ್ನು ಬಾಗಿಲ ಚೌಕಟ್ಟಿನ ಮೊಳೆಗೆ ನೇತುಹಾಕಿ ಬಂದು ನನ್ನ ಪಕ್ಕ ಕೂತಳು.

“ಮುತ್ಯಾ, ಇನ್ನೊಮ್ಮಿ ದಾರ್ಯಾಗ ಯಾರರೆ ಬಿದ್ದಿದ್ರ ನಾ ಗಾಡಿ ನಿಲ್ಲಸಂಗಿಲ್ಲ. ಯಾರೇ ಇರ್ಲಿ. ಕಣ್ಣ ಮುಚ್ಚಿ ಹೋಗಿಬಿಡ್ತೀನಿ.”

ನೋವಾದದ್ದು ಆ ಮಾತಿಗೆ. ಲೈಸೆನ್ಸ್ ಹೋದರೆ ಹೋಗಲಿ, ಬೇರೆ ಕೆಲಸ ಮಾಡಿಯಾಳು. ಬಿದ್ದವರನ್ನು ಕಂಡು ನಿಲ್ಲುವ ಈ ಗುಣವೊಂದು ಹೋದರೆ ಯಾರು ತಂದುಕೊಡಬೇಕು?

ಸಾಕ್ಷಿ ಪರೀಕ್ಷಿಸುವ ಸರ್ಕಾರಿ ಲ್ಯಾಬಿನ ಮೇಡಂ ಠಾಣೆಗೆ ಬಂದದ್ದು ಆಗ. ದೊಡ್ಡ ಊರಿನಿಂದ, ಜೀಪಿನಲ್ಲಿ, ಕಬ್ಬಿಣದ ಪೆಟ್ಟಿಗೆಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು. ಗಿಡ್ಡ ಆಳು, ಹಣೆಯ ಮೇಲೆ ಒಂದೇ ಒಂದು ಬಿಳಿ ಕೂದಲಿನ ಎಳೆ, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು. ಗಾಡಿಯ ಮಾಲಕನೆಂದು ನನ್ನನ್ನು ಕರೆಸಿದ್ದರು. ಕರೆಸದಿದ್ದರೂ ನಮ್ಮ ಮನೆಯಾಕೆ ಬಂದಿದ್ದಳು. ಗಾಡಿ ಕಡು ಬಿಸಿಲಿನಲ್ಲಿ ನಿಂತಿತ್ತು. ಮೇಡಂ ಅಷ್ಟು ದೂರದಿಂದ ಬಂದವರು, ಅವರನ್ನು ಬಿಸಿಲಲ್ಲಿ ನಿಲ್ಲಿಸುವುದು ಮರ್ಯಾದೆಯಲ್ಲ. ಗಾಡಿಯನ್ನು ಬೇವಿನ ಗಿಡದ ನೆರಳಿಗೆ ತರೋಣವೆಂದು ಸಾಹೇಬರನ್ನು ಕೇಳಿ ಒಳಗೆ ಕೂತು ಕೀಲಿ ಹಾಕಿದೆ.

“ಯಜಮಾನ್ರ, ಕೀಲಿ ತಿರುವಬ್ಯಾಡ್ರಿ.”

ದನಿ ಜೋರಿರಲಿಲ್ಲ. ಆದರೂ ನನ್ನ ಕೈ ಅಲ್ಲೇ ನಿಂತಿತು.

“ನೆರಳಿಗೆ ತರ್ತೀನ್ರಿ ಮೇಡಂ, ನೀವು ಬಿಸಿಲಾಗ ನಿಂತೀರಿ.”

“ಬಿಸಿಲಾಗ ನಾ ಸಾಯಂಗಿಲ್ರಿ. ನೀವು ಗಾಡಿ ಚಾಲೂ ಮಾಡಿದ್ರ ಒಳಗಿಂದು ಸಾಯ್ತದ.”

ನಾನು ಕೆಳಗಿಳಿದ ಮೇಲೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಆ ಕ್ಯಾಮೆರಾದಲ್ಲಿ ಜಾಗ ಸ್ವಲ್ಪವೇ. ತುಂಬಿದ ಮೇಲೆ ಅದು ಮತ್ತೆ ಮೊದಲಿನಿಂದ, ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತದೆ. ಗಾಡಿ ಒಮ್ಮೆ ಚಾಲೂ ಆದರೆ ಹಳೆಯ ನೆನಪಿನಲ್ಲಿ ಒಂದು ತುತ್ತು ಹೋಯಿತೆಂದೇ ಲೆಕ್ಕ. ಮರ್ಯಾದೆ ಮಾಡಲು ಹೋಗಿ ನಾನೇ ಮೊಮ್ಮಗಳ ಸಾಕ್ಷಿಯನ್ನು ಅಳಿಸುತ್ತಿದ್ದೆ.

ಅವರು ಬಿಸಿಲಿನಲ್ಲೇ ನಿಂತು ಕೆಲಸ ಮಾಡಿದರು. ಯಾವ ತಿರುಪು ಬಿಚ್ಚುತ್ತೇನೆ, ಯಾವ ವೈರು ತೆಗೆಯುತ್ತೇನೆ ಎಂದು ಪ್ರತಿಯೊಂದನ್ನೂ ಎಲ್ಲರಿಗೂ ಕೇಳುವಂತೆ ಹೇಳಿ ಮಾಡುತ್ತಿದ್ದರು. ಕ್ಯಾಮೆರಾ ಕೈಗೆ ಬಂದ ಮೇಲೆ ಅದರ ಮುಖಕ್ಕೆ ಟಾರ್ಚು ಬಿಟ್ಟು ನೋಡಿದರು.

“ಇದರ ಕಣ್ಣಿಗೆ ಏನ್ ಹಚ್ಚೀರ್ರಿ?”

ನಮ್ಮ ಮನೆಯಾಕೆ ಮುಂದೆ ಬಂದಳು. “ವಿಭೂತಿ ರೀ. ಮ್ಯಾಲ ಒಂದ ಬೊಟ್ಟ ಕುಂಕುಮ.”

ಸಾಹೇಬರು ಹಣೆ ಒತ್ತಿಕೊಂಡರು. ನಾನು ಅವಳನ್ನು ನೋಡಿದೆ.

“ನನ್ನ ಏನ್ ನೋಡ್ತೀರಿ? ಎಲ್ಲಾಕೂ ಹಚ್ಚಿ ಇದನ್ನೊಂದ ಬಿಡ್ಲೇನು? ಇಡೀ ಗಾಡ್ಯಾಗ ಕಣ್ಣಿದ್ದದ್ದು ಇದಕ್ಕೊಂದ.”

ಅಮಾವಾಸ್ಯೆಯ ದಿನ ಆ ಕ್ಯಾಮೆರಾ ಏನನ್ನೂ ಕಂಡಿರಲಿಲ್ಲ. ಮೇಡಂ ಮಾತ್ರ ಮುಗುಳ್ನಕ್ಕು ಅದನ್ನು ಒಂದು ಚೀಲದಲ್ಲಿ ಹಾಕಿ ಚೀಲದ ಬಾಯಿಗೆ ಸೀಲು ಹಾಕಿದರು.

“ಇರ್ಲಿ ಬಿಡ್ರಿ ಆಯಿ. ಕಣ್ಣ ಮುಚ್ಚೀರಿ, ಕಿವಿ ಮುಚ್ಚಿಲ್ಲ.”

ಆಮೇಲೆ ಬಗ್ಗಿ, ಗಾಡಿಯ ಮೂತಿಯ ತಗ್ಗಿನಲ್ಲಿದ್ದ ಕೆಂಪನ್ನು ಹತ್ತಿಯಲ್ಲಿ ಒರೆಸಿ ತೆಗೆದರು. “ಇದೂ ನಿಮ್ಮದೇನ್ರಿ ಆಯಿ?”

“ಮತ್ತ? ಮೂತಿಗೆ ಹಚ್ಚಲಾರ್ದ ಬಿಡ್ತೀನೇನು?”

“ನೋಡಿದ ಮ್ಯಾಲ ಹೇಳ್ತೀನಿ.”

ಅವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಒಳ್ಳೆಯದಾಗುತ್ತದಲ್ಲ ಎಂದು ಕೇಳಿದರೂ ಅದೇ, ಮಳೆ ಬರುತ್ತದೇನೋ ಎಂದರೂ ಅದೇ. ನೋಡದೆ ಹೂಂ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಸೀಲು ಒಡೆಯುವಾಗ ಮಾಲಕ ಎದುರಿಗೆ ಇರಲಿ ಎಂದು ಅವರು ಹೇಳಿ ಕಳಿಸಿದ್ದರು. ಹಾಗೆ ನಾನೂ ನಮ್ಮ ಮನೆಯಾಕೆಯೂ ಲ್ಯಾಬಿಗೆ ಹೋದೆವು. ಮೊದಲು ಹೇಳಿದ ನೀಲಿ ಪಟ್ಟಿ ಕಂಡದ್ದು ಅಲ್ಲೇ. ಸೀಲು ನನಗೆ ತೋರಿಸಿ ಒಡೆದರು. ಕ್ಯಾಮೆರಾದಿಂದ ಉಗುರಿನಷ್ಟು ಸಣ್ಣ ಕಾರ್ಡು ತೆಗೆದು ಒಂದು ಕರಿಯ ಡಬ್ಬಿಗೆ ಸೇರಿಸಿದರು. ಆ ಡಬ್ಬಿ ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಕಾರ್ಡಿನಲ್ಲಿದ್ದದ್ದನ್ನೆಲ್ಲ ಇದ್ದಂತೆಯೇ ನಕಲು ಮಾಡಿಕೊಂಡು, ಅಸಲನ್ನು ಮತ್ತೆ ಚೀಲಕ್ಕೆ ಹಾಕಿದರು.

“ಅಸಲಿಗೆ ಕೈ ಹಚ್ಚಂಗಿಲ್ರಿ. ಏನ್ ಮಾಡಿದ್ರೂ ನಕಲಿನ ಮ್ಯಾಲ.”

“ನಕಲು ಖರೇ ಅಂತ ಯಾರ ಒಪ್ಪತಾರ್ರಿ?”

ಆ ಪ್ರಶ್ನೆ ಅವರಿಗೆ ಇಷ್ಟವಾಯಿತು. ಕಂಪ್ಯೂಟರಿನಲ್ಲಿ ಉದ್ದನೆಯ ಒಂದು ಸಾಲು ತೋರಿಸಿದರು, ಅಂಕಿ ಅಕ್ಷರ ಎಲ್ಲ ಕಲಸಿದ್ದು. “ಇದು ಅಸಲಿನ ಹೆಬ್ಬೆಟ್ಟು. ಇದು ನಕಲಿಂದು. ಎರಡೂ ಒಂದೇ ಅವ ನೋಡ್ರಿ. ನಕಲಿನಾಗ ನಾ ಒಂದ ಕೂದಲೆಳಿಯಷ್ಟು ಬದಲ ಮಾಡಿದ್ರೂ ಹೆಬ್ಬೆಟ್ಟು ಪೂರಾ ಬೇರೇನ ಆಗ್ತದ.”

ಹೆಬ್ಬೆಟ್ಟಿನ ವಿಷಯ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಎರಡೂ ಸಾಲುಗಳ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಹೊಂದಿಸಿ ನೋಡಿದೆ. ಅವರು ಅವಸರ ಮಾಡಲಿಲ್ಲ. ನಾನು ಕೊನೆ ಮುಟ್ಟುವವರೆಗೂ ಕೈಕಟ್ಟಿ ಕಾದರು.

ಅಳಿಸಿ ಹಾಕಿದ್ದೂ ಸಿಗುತ್ತದೆ ಎಂದು ಕೇಳಿ ನನ್ನ ಕುತೂಹಲ ಇನ್ನೂ ಹೆಚ್ಚಾಯಿತು. ಅಳಿಸಿದ ಮೇಲೆ ಅದು ಎಲ್ಲಿರುತ್ತದೆ?

“ಅಲ್ಲೇ ಇರ್ತದ. ಮನಿ ಬಾಗಲ ಮ್ಯಾಲಿನ ಹೆಸರಷ್ಟ ಅಳಿಸಿರ್ತಾರ. ಹೊಸ ಮಂದಿ ಬಂದು ಇರೋತನ ಹಳೇ ಮಂದಿ ಒಳಗ ಇರ್ತಾರ. ನಾ ಹೋಗಿ ಬಾಗಲ ಬಡಿತೀನಿ, ಅಷ್ಟ.”

ನಮ್ಮ ಮನೆಯಾಕೆ ಬುತ್ತಿ ತಂದಿದ್ದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ಮೇಡಂ ಗಂಟಿನ ಕಡೆ ನೋಡಿದ್ದನ್ನು ನಾನು ಕಂಡೆ. ಆಸೆ ಇತ್ತು. ಆದರೂ ಕೈ ಮುಗಿದರು.

“ಕೆಲಸ ಮುಗೀಲಿ ಆಯಿ. ಈಗ ತಿಂದ್ರ ನಾ ನಿಮ್ಮ ರೊಟ್ಟಿ ಕಡಿ ಮಾತಾಡ್ತೀನಿ.”

ಬುತ್ತಿ ಕಟ್ಟುತ್ತ ಇವಳು ಮೆಲ್ಲಗೆ ಕೇಳಿದಳು. “ಅವ್ವಾ, ಒಳ್ಳೇದ ಸಿಕ್ರ ತೆಗಿ. ಕೆಟ್ಟದ್ದ ಸಿಕ್ರ ಅಲ್ಲೇ ಬಿಟ್ಟುಬಿಡು. ನಿನಗ ಪುಣ್ಯ ಬರ್ತದ.”

ಮೇಡಂ ಸಿಟ್ಟಾಗಲಿಲ್ಲ. ನೀಲಿ ಪಟ್ಟಿ ಬಿಚ್ಚಿ, ಬಂದು ಅವಳ ಎದುರು ಸ್ಟೂಲಿನ ಮೇಲೆ ಕೂತರು.

“ನಂಗ ಆರಿಸಿ ತೆಗಿಯಾಕ ಬರಂಗಿಲ್ಲ ಆಯಿ. ಅಲ್ಲಿದ್ದದ್ದು ತೆಗಿತೀನಿ, ಇಲ್ಲದ್ದು ಹಾಕಂಗಿಲ್ಲ. ನಿಮ್ಮ ಹುಡುಗೀದು ತಪ್ಪಿತ್ತಂದ್ರ ಅದನ್ನೂ ನಾನ ತಂದಿಡಾಕಿ. ಇವತ್ತ ನಿಮಗಾಗಿ ಒಂದ ಮುಚ್ಚಿದ್ರ, ನಾಳಿ ಇನ್ನೊಬ್ಬರ ಮಗಳ ಸಲುವಾಗಿ ನಾ ಖರೇ ಹೇಳಿದ್ರೂ ಯಾರೂ ನಂಬಂಗಿಲ್ಲ.”

ವಾಪಸು ಬರುವ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ ನಮ್ಮ ಮನೆಯಾಕೆ ಹೇಳಿದಳು: “ಭಾಳ ಗಟ್ಟಿ ಹೆಣ್ಣಮಗಳು. ಹೆದರಿಕಿ ಆಗ್ತದ.” ನನಗೂ ಹೆದರಿಕೆಯಾಗಿತ್ತು. ಮೊಮ್ಮಗಳ ಮೇಲೆ ನನಗೆ ನಂಬಿಕೆ ಇತ್ತು. ಆದರೆ ಅವಳು ಅವತ್ತು ಒಂದು ಗಳಿಗೆ ಬೇರೆ ಕಡೆ ನೋಡಿದ್ದರೆ? ತನಗೇ ತಿಳಿಯದಂತೆ ತಾಗಿಸಿದ್ದರೆ? ಆ ಮೇಡಂ ಅದನ್ನೂ ತೆಗೆಯುತ್ತಾರೆ.

ಕೊನೆಗೆ ಎಲ್ಲರನ್ನೂ ಠಾಣೆಗೆ ಕರೆದರು. ಸಾಹೇಬರ ಕೋಣೆಯಲ್ಲಿ ನಾವಿಬ್ಬರು, ಮೊಮ್ಮಗಳು, ದರ್ಜಿಯ ಮಗ. ಅವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಮೇಡಂ ಕಂಪ್ಯೂಟರ್ ತೆರೆದರು.

“ಆ ಕೆಂಪು ಕುಂಕುಮ. ರಕ್ತ ಅಲ್ಲ. ಇನ್ನ ತಗ್ಗಿಂದು ನೋಡ್ರಿ. ಇದು ಅಮಾಸಿಗಿಂತ ಮೊದಲಿಂದು. ಯಾರೋ ಅಳಿಸಿದ್ರು, ತೆಗೆದೀನಿ.”

ಸುರಪುರದ ಸಂತೆ ಕಂಡಿತು. ಉಳ್ಳಾಗಡ್ಡಿಯ ರಾಶಿ, ಅದರ ಪಕ್ಕ ಎತ್ತು ಬಿಚ್ಚಿ ನಿಲ್ಲಿಸಿದ ಒಂದು ಬಂಡಿ. ಆ ಬಂಡಿ ನಿಧಾನವಾಗಿ ಹತ್ತಿರ ಹತ್ತಿರ ಬಂತು. ಬಂಡಿ ಬರಲಿಲ್ಲ, ನಮ್ಮ ಗಾಡಿಯೇ ಅದರ ಕಡೆ ಹೋಯಿತು. ಬಂಡಿಯ ಮುಂದೆ ಚಾಚಿದ ಮರಕ್ಕೆ, ಮೂಕಿಗೆ ತಾಗಿ ಢಬ್ ಎಂದಿತು. ಆಮೇಲೆ ಮೊಮ್ಮಗಳ ದನಿ: “ಅಯ್ಯ, ಸತ್ತೆ. ಮುತ್ಯಾಗ ಗೊತ್ತಾದ್ರ ಕೀಲಿ ಕಸಗೊಂತಾನ.”

ನಾನು ಅವಳನ್ನು ನೋಡಿದೆ. ಅವಳು ತಲೆ ಎತ್ತಿ ಮಾಳಿಗೆ ನೋಡಿದಳು. ನಿಂತ ಗಾಡಿಗೆ ಯಾರೋ ಗುದ್ದಿದ್ದಾರೆ ಎಂದು ನನಗೆ ಹೇಳಿ, ಆ ಚಿತ್ರವನ್ನು ಅವಳೇ ಅಳಿಸಿದ್ದಳು. ಸಾಹೇಬರು ಮೀಸೆಯ ಕೆಳಗೆ ನಕ್ಕರು. ಗೋಡೆ ನೋಡುತ್ತಿದ್ದ ದರ್ಜಿಯ ಮಗ ಅರ್ಧ ತಿರುಗಿ ಕೂತ.

“ಇನ್ನ ಅಮಾಸಿ ದಿನದ್ದು,” ಎಂದರು ಮೇಡಂ.

ಪರದೆಯಲ್ಲಿ ಸುಣ್ಣದ ಗೋಡೆಯಂಥ ಬಿಳುಪು, ನಡುವೆ ಮಬ್ಬು ಕೆಂಪು. ಬೇರೆ ಏನೂ ಇಲ್ಲ. ಪಕ್ಕದಲ್ಲಿ ದಾರಿ ತೋರಿಸುವ ಯಂತ್ರದಿಂದ ತೆಗೆದ ನಕ್ಷೆ ಇಟ್ಟರು. ಕಾಲುವೆಯ ಗುಂಟ ಚುಕ್ಕಿಗಳ ಸಾಲು. ಗಾಡಿ ಹೋದ ಕಡೆಯೆಲ್ಲ ಆ ಯಂತ್ರ ಗಳಿಗೆಗೊಂದು ಚುಕ್ಕಿ ಇಟ್ಟಿತ್ತು. ಜೋರಾಗಿ ಓಡಿದಲ್ಲಿ ಚುಕ್ಕಿಗಳು ದೂರ ದೂರ. ಒಂದು ಕಡೆಯಿಂದ ಅವು ಒತ್ತೊತ್ತಾಗುತ್ತ ಬಂದು, ಕೊನೆಗೆ ಎಳ್ಳು ಚೆಲ್ಲಿದಂತೆ ಒಂದೇ ಕಡೆ ಗುಡ್ಡೆಯಾಗಿದ್ದವು. ಗಾಡಿ ನಿಂತದ್ದು ಅಲ್ಲಿ. ದೂರದಿಂದಲೇ ಕಂಡು, ನಿಧಾನ ಮಾಡುತ್ತ ಬಂದು ನಿಂತಿದೆ.

“ಈಗ ಕೇಳ್ರಿ. ಸಂತ್ಯಾಗ ಬಂಡಿಗೆ ಬಡಿದಾಗ ಢಬ್ ಅಂತಲ್ಲ, ಅಂಥಾ ಸಪ್ಪಳ ಎಲ್ಲರೆ ಬರ್ತದೇನು ಕೇಳ್ರಿ.”

ಎಂಜಿನ್ನಿನ ದನಿ ಇಳಿಯುತ್ತ ಬಂತು. ಸಪ್ಪಳ ಬರಲಿಲ್ಲ. ಬಾಗಿಲು ತೆರೆಯಿತು. ದೂರದಿಂದ ಮೊಮ್ಮಗಳ ದನಿ: “ಕಾಕಾ, ಏ ಕಾಕಾ, ಹ್ಯಾಂಗ ಬಿದ್ರಿ?” ಟ್ರ್ಯಾಕ್ಟರು ಬಂದು ನಿಂತಿತು, ಇಬ್ಬರು ಏದುಸಿರು ಬಿಟ್ಟರು, ಬಾಗಿಲು ಹಾಕಿಕೊಂಡಿತು. ಆಮೇಲೆ ಹಿಂದಿನ ಸೀಟಿನಿಂದ ಒಂದು ಸಣ್ಣ ದನಿ.

“ಎಮ್ಮಿ... ಎಮ್ಮಿ ಅಡ್ಡ ಬಂತವ್ವ. ನನ್ನ ಬಟ್ಟಿ ಗಂಟು... ಬ್ಯಾರೇವ್ರ ಬಟ್ಟಿ ಅವ, ಗಂಟು ನೋಡವ್ವ.”

ದರ್ಜಿಯ ಮಗ ಎದ್ದು ನಿಂತ. ಅವನ ಅಪ್ಪ ಮರೆತಿದ್ದ ಮಾತು ಅದು. ಎಮ್ಮೆ ಅಡ್ಡ ಬಂದದ್ದು ಆ ದರ್ಜಿಗೇ ಗೊತ್ತಿಲ್ಲ, ನಮ್ಮ ಗಾಡಿಗೆ ಗೊತ್ತಿತ್ತು.

ಸಾಹೇಬರು ಸಾಕು ಎಂಬಂತೆ ಕೈ ಎತ್ತಿದರು. ಮೇಡಂ ನಿಲ್ಲಿಸಲಿಲ್ಲ. “ಪೂರಾ ಕೇಳ್ರಿ ಸಾಹೇಬ್ರ. ಅರ್ಧ ಕೇಳಿಸಿ ನಾ ರಿಪೋರ್ಟ್ ಕೊಡಂಗಿಲ್ಲ.”

ಹಾಗಾಗಿ ಆಸ್ಪತ್ರೆಯವರೆಗಿನ ದಾರಿಯೆಲ್ಲ ಕೇಳಿದೆವು. ದರ್ಜಿ ಮಂಪರಿಗೆ ಜಾರದಿರಲೆಂದು ನನ್ನ ಮೊಮ್ಮಗಳು ಇಡೀ ದಾರಿ ಮಾತಾಡಿದ್ದಳು. ಗಾಡಿ ಓಡುವ ಸದ್ದಿನ ಮೇಲೆ ಅವಳ ದನಿ, ನಡುಗುತ್ತಿದ್ದರೂ ನಿಲ್ಲದ ದನಿ.

“ಕಣ್ಣ ಮುಚ್ಚಬ್ಯಾಡ್ರಿ ಕಾಕಾ. ನಮ್ಮ ಮುತ್ಯಾನ ಸುದ್ದಿ ಹೇಳ್ತೀನಿ, ಕೇಳಾಕತ್ತೀರಿಲ್ಲೋ? ನಮ್ಮ ಮುತ್ಯಾ ಕಾಲುವಿ ಗೇಟ್ ಎತ್ತಾಂವ. ಗೇಟ್ ಎತ್ತೋ ಮುಂದ ನೀರಿನ ಕೂಡ ಮಾತಾಡ್ತಾನ. ಬಾ ನಮ್ಮವ್ವ, ಸಾವಕಾಶ ಬಾ, ಹೊಲ ಎಲ್ಲೂ ಓಡಿ ಹೋಗಂಗಿಲ್ಲ ಅಂತಾನ. ಯಾರೂ ಕೇಳಾಕತ್ತಿಲ್ಲ ಅಂತ ತಿಳಕೊಂಡಾನ. ನಾ ಸಣ್ಣಾಕಿ ಇದ್ದಾಗ ಹಿಂದ ನಿಂತು ಎಲ್ಲಾ ಕೇಳೀನಿ. ನಗ್ರಿ ಕಾಕಾ, ಜರಾ ನಗ್ರಿ. ಬಂತು ನೋಡ್ರಿ ಶಹಾಪುರ.”

ನಾನು ನೀರಿನ ಜೊತೆ ಮಾತಾಡುವುದು ಯಾರಿಗೂ ಗೊತ್ತಿಲ್ಲ ಎಂದೇ ತಿಳಿದಿದ್ದೆ. ನಮ್ಮ ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಯಾರೂ ನೋಡದ ದಾರಿಯಲ್ಲಿ, ಕೇಳುವವರು ಇಲ್ಲದಾಗ ನಮ್ಮ ಹುಡುಗಿ ಹೇಗಿರುತ್ತಾಳೆ ಎಂಬುದನ್ನು ಕಿವಿಯಾರೆ ಕೇಳುವ ಪುಣ್ಯ ಎಷ್ಟು ಜನ ಅಜ್ಜಂದಿರಿಗೆ ಸಿಗುತ್ತದೆ ಹೇಳಿ.

ದರ್ಜಿಯ ಮಗ ಮೊಮ್ಮಗಳ ಎದುರು ಬಂದು ನಿಂತ. “ತಂಗೀ, ನಮ್ಮಪ್ಪನ ಆ ಮಾತು ಅವನ ಕಡೀನ ಇಲ್ಲ. ನಿನ್ನ ಗಾಡ್ಯಾಗ ಇತ್ತು. ನಾ...” ಎಂದು ಕೈ ಮುಗಿಯಲು ಹೋದ. ಇವಳು, “ಅವರ ಬಟ್ಟಿ ಗಂಟು ಟ್ರ್ಯಾಕ್ಟರಿನಾಂವ ತಂದು ಮುಟ್ಟಿಸ್ಯಾನಲ್ಲಣ್ಣ?” ಎಂದು ಕೇಳಿದಳು. ಅವನು ಹೂಂ ಎಂದು ತಲೆಯಾಡಿಸಿದ. ಕೇಸು ಮುಗಿಯಿತು, ಗಾಡಿ ಮನೆಗೆ ಬಂತು.

ನಾನು ಮೇಡಂ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. “ನಾ ಏನೂ ಹಾಕಿಲ್ಲ ಮುತ್ಯಾ. ಅಲ್ಲಿದ್ದದ್ದು ತೆಗೆದೆ,” ಎಂದರು. ಅವತ್ತಿನವರೆಗೂ ಯಜಮಾನ್ರ ಎನ್ನುತ್ತಿದ್ದವರು ಮೊದಲ ಸಲ ಮುತ್ಯಾ ಎಂದರು. ಆಮೇಲೆ ನಮ್ಮ ಮನೆಯಾಕೆಯ ಕಡೆ ತಿರುಗಿದರು. “ಆಯಿ, ಈಗ ರೊಟ್ಟಿ ತಿನ್ನಾಕ ಅಡ್ಡಿ ಇಲ್ಲ ನೋಡ್ರಿ.”

ಮುಂದಿನ ರಜೆಗೆ ಅವರು ಖರೇನೇ ಬಂದರು. ಪಂಕ್ತಿಯಲ್ಲಿ ಕೂತು, ಹಿಂಡಿಯನ್ನು ಇನ್ನಷ್ಟು ಹಾಕಿಸಿಕೊಂಡು ಉಂಡರು. ಉಂಡ ಮೇಲೆ ಕಾಲುವೆ ತೋರಿಸಿ ಎಂದರು. ಗೇಟಿನ ಕಟ್ಟೆಯ ಮೇಲೆ ಕ್ಯಾನ್ವಾಸ್ ಬೂಟು ಬಿಚ್ಚಿಟ್ಟು ಕೂತಾಗ ತಮ್ಮ ಸುದ್ದಿ ಹೇಳಿದರು. ಅವರ ತಾಯಿ ಕೊಂಕಲ್ಲಿನವರು. ಬುದ್ಧನಿಗೆ ಕೈಮುಗಿಯುವ ಮನೆ, ಕೂಲಿಯ ಬದುಕು. ಕಾಲುವೆ ತೋಡುವಾಗ ತಾಯಿ ಇಲ್ಲಿಗೆ ಕೆಲಸಕ್ಕೆ ಬಂದು, ಕೂಸನ್ನು ಜಾಲಿಯ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿಸಿ ಮಣ್ಣು ಹೊರುತ್ತಿದ್ದರಂತೆ. ಆ ಕೂಸು ಇವರು.

“ಹಂಗಾದ್ರ ನಿಮ್ಮವ್ವನೂ ನಾನೂ ಒಂದೇ ಮಣ್ಣು ಹೊತ್ತೀವಿ ಅನ್ರಿ,” ಎಂದೆ.

“ನೋಡಿದ ಮ್ಯಾಲ ಹೇಳ್ತೀನಿ,” ಎಂದು ನಕ್ಕರು. ಆಮೇಲೆ ಗೇಟು ಹೇಗೆ ಏಳುತ್ತದೆ, ಎಷ್ಟು ಎತ್ತಿದರೆ ಎಷ್ಟು ನೀರು, ರಾತ್ರಿ ಯಾರಾದರೂ ಕದ್ದು ಎತ್ತಿದರೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೇ ಕೇಳಿದ್ದು. ಗೋಡೆಯ ಮೇಲೆ ನೀರು ಬಿಟ್ಟುಹೋದ ಹಸಿ ಗೆರೆ ತೋರಿಸಿ, ಇದನ್ನು ನೋಡಿ ತಿಳಿಯುತ್ತದೆ ಎಂದೆ. ಅವರು ಆ ಗೆರೆಯ ಮೇಲೆ ಬೆರಳಾಡಿಸಿದರು. “ಇದಕ್ಕೂ ನೆನಪದ,” ಎಂದು ತಮಗೆ ತಾವೇ ಹೇಳಿಕೊಂಡರು. ಬಳೆ ಹಾಕಿದ್ದ ಆ ಕೈಯಲ್ಲಿ ಬಿಳಿ ಪಟ್ಟೆ ಹಾಗೆಯೇ ಇತ್ತು.

ಈಗ ಅವರಿಗೆ ದೂರದ ಊರಿಗೆ ವರ್ಗವಾಗಿದೆ. ಮೊಮ್ಮಗಳಿಗೆ ಮದುವೆಯಾಗಿ ಕೂಸಾಗಿದೆ. ಕೂಸಿನ ತಲೆಗೆ ಹಾಕುವ ಕುಲಾಯಿ ಹೊಲಿದು ಕೊಟ್ಟವರು ಕೆಂಭಾವಿಯ ದರ್ಜಿ, ಅಂಚಿಗೆ ಕೆಂಪು ದಾರದ ಹೂವು ಬೇರೆ. ಅಮಾವಾಸ್ಯೆಗೆ ಪೂಜೆ ತಪ್ಪಿಲ್ಲ. ನಮ್ಮ ಮನೆಯಾಕೆ ಈಗ ಕ್ಯಾಮೆರಾದ ಬೆನ್ನಿಗೆ ವಿಭೂತಿ ಹಚ್ಚುತ್ತಾಳೆ, ಅದರ ಕಣ್ಣನ್ನು ಸೆರಗಿನಿಂದ ಒರೆಸುತ್ತಾಳೆ.

ಹೋದ ವಾರ ಮೊಮ್ಮಗಳು ನನ್ನನ್ನು ಕೂರಿಸಿಕೊಂಡು ಶಹಾಪುರದಿಂದ ಬರುತ್ತಿದ್ದಳು. ನನ್ನ ಮಡಿಲಲ್ಲಿ ಕೂಸು. ಕಾಲುವೆಯ ತಿರುವಿನಲ್ಲಿ ಮುದುಕಿಯೊಬ್ಬಳು ಕಟ್ಟಿಗೆಯ ಹೊರೆ ಪಕ್ಕಕ್ಕಿಟ್ಟು ತಲೆ ಹಿಡಿದು ಕೂತಿದ್ದಳು. ನಾನು ಏನೂ ಹೇಳಲಿಲ್ಲ, ಹೇಳಬಾರದೆಂದು ಹಲ್ಲು ಕಚ್ಚಿ ಕೂತೆ. ಗಾಡಿಯ ವೇಗ ಇಳಿಯಿತು. ಚುಕ್ಕಿಗಳು ಒತ್ತೊತ್ತಾಗುತ್ತಿರಬೇಕು ಎಂದುಕೊಂಡೆ. ಗಾಡಿ ನಿಂತಿತು. “ಏನಾತ ಆಯಿ, ತಲಿ ತಿರುಗ್ತೇನು? ಬಾ, ಕೂಡು,” ಎನ್ನುತ್ತ ಅವಳು ಇಳಿದು ಹೋದಳು.

ಗಾಡಿಯಲ್ಲಿ ನಾನೂ ಕೂಸೂ ಇಬ್ಬರೇ. ಗಾಜಿಗೆ ಅಂಟಿದ ಆ ಸಣ್ಣ ಕ್ಯಾಮೆರಾದ ಹತ್ತಿರ ಬಾಗಿ, ಯಾವಾಗಲೂ ಮಾಡುವಂತೆ ಮಾತಾಡಿದೆ. “ಮೇಡಂ, ನಾನ್ರಿ, ವನದುರ್ಗದ ಮುತ್ಯಾ. ಕೂಸಿಗೆ ಕೆಳಗಿನ ಹಲ್ಲು ಬಂದದ. ನಮ್ಮ ಹುಡುಗಿ ಈಗ ಗಾಡಿ ನಿಲ್ಲಿಸ್ಯಾಳ. ತಾನಾಗೇ ನಿಲ್ಲಿಸ್ಯಾಳ. ನಿಮ್ಮ ಉಪಕಾರ ಭಾಳ ಆತ್ರಿ.”

ಮುದುಕಿಯನ್ನು ಕೂರಿಸಿ ಬಂದ ಮೊಮ್ಮಗಳು ಕೊನೆಯ ಮಾತು ಕೇಳಿಸಿಕೊಂಡು ನಕ್ಕಳು. “ಮುತ್ಯಾ, ಅದು ತುಂಬಿದ ಮ್ಯಾಲ ಹಳೇದರ ಮ್ಯಾಲ ಬರಕೊಂತ ಹೋಗ್ತದ. ನಿನ್ನ ಮಾತು ಉಳಿಯಂಗಿಲ್ಲ.”

“ಗೊತ್ತದ ಬೇ,” ಎಂದೆ. “ಅದಕ್ಕ ಕೂತಾಗೊಮ್ಮೆ ಹೊಸದಾಗಿ ಹೇಳ್ತೀನಿ.”